ಚಿಕ್ಕಿಸುಳಿ

ಅಕ್ಕೋರ ಮುಖಕ್ಕಿಂತ ಅವರ ತಲೆಯ ಹಿಂಭಾಗವೇ ನನಗೆ ಹೆಚ್ಚು ಪರಿಚಯ. ಹದಿನಾರು ವರ್ಷ ನಾವಿಬ್ಬರೂ ಸೊಲ್ಲಾಪುರದಿಂದ ಅಕ್ಕಲಕೋಟ ದಾಟಿ ತಡವಳದ ಕಡೆ ಹೋಗುವ ಒಂದೇ ಎಸ್‌ಟಿ ಬಸ್ಸಿನಲ್ಲಿ ಹೋಗಿ ಬಂದವರು. ಅವರು ಹೆಂಗಸರ ಸೀಟಿನಲ್ಲಿ ಕಿಟಕಿಯ ಪಕ್ಕ, ನಾನು ಅದರ ಹಿಂದೆ. ಅವರ ಕೂದಲು ಗಂಡಸರ ಹಾಗೆ ಗಿಡ್ಡಗೆ ಕತ್ತರಿಸಿದ್ದು. ನೆತ್ತಿಯ ಮೇಲೆ ಎರಡು ಸುಳಿ, ಒಂದು ಬಲಕ್ಕೆ ತಿರುಗಿದ್ದು, ಇನ್ನೊಂದು ಎಡಕ್ಕೆ. ಬಸ್ಸು ತೆಗ್ಗಿಗೆ ಬಿದ್ದಾಗಲೆಲ್ಲ ಆ ಎರಡೂ ನನ್ನ ಕಣ್ಣ ಮುಂದೆ ಜಿಗಿದು ಮತ್ತೆ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು.

ನಮ್ಮ ಕಡೆ ಶಾಲೆಯ ಮೇಡಮ್ಮರಿಗೆ ಅಕ್ಕೋರು ಅನ್ನುತ್ತೇವೆ. ನಮ್ಮದು ಮರಾಠಿ ನಾಡಿನೊಳಗಿನ ಕನ್ನಡ ಮಾಧ್ಯಮದ ಸಣ್ಣ ಹೈಸ್ಕೂಲು. ಅವರು ವಿಜ್ಞಾನ, ನಾನು ಕನ್ನಡ. ಅವರು ತೀರಿಹೋಗಿ ಈಗ ಎಂಟು ತಿಂಗಳು. ಹೆಸರು ಬರೆಯಲೋ ಬೇಡವೋ ಎಂದು ಯೋಚಿಸಿ ಬಿಟ್ಟುಬಿಟ್ಟೆ. ಏಕೆಂದರೆ ತರಗತಿಯಲ್ಲಿ ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: "ಮೊದಲ ನೋಡು. ಹೆಸರ ಆಮ್ಯಾಲ." ಹುಡುಗರು ಹೂವಿನ ಭಾಗಗಳ ಹೆಸರನ್ನು ಗಿಳಿಪಾಠ ಒಪ್ಪಿಸಲು ಹೊರಟರೆ ಅಲ್ಲೇ ತಡೆದು ಕೈಗೆ ಬದನೆ ಹೂ ಕೊಡುತ್ತಿದ್ದರು. ನೋಡಿ ಮುಗಿಯುವವರೆಗೆ ಹೆಸರಿಲ್ಲ. ನನ್ನಂಥ ಶಬ್ದಗಳ ಮೇಲೆಯೇ ಹೊಟ್ಟೆ ಹೊರೆಯುವವನಿಗೆ ಇದು ಮೈ ಉರಿಯುವ ಪದ್ಧತಿ. ಹಾಗಂತ ಸ್ಟಾಫ್ ರೂಮಿನಲ್ಲಿ ಹೇಳಿಯೂ ಇದ್ದೆ.

ಸುಳಿಯ ಕಥೆಯನ್ನು ಅವರೇ ಒಮ್ಮೆ ಬಸ್ಸಿನಲ್ಲಿ ಹೇಳಿದರು. ನಾನು ಕೇಳಿರಲಿಲ್ಲ. ಹೆಣ್ಣಿನ ತಲೆಯಲ್ಲಿ ಎರಡು ಸುಳಿ ಇದ್ದರೆ ಅವಳಿಗೆ ಎರಡು ಮದುವೆ, ಅಂದರೆ ಮೊದಲ ಗಂಡ ಉಳಿಯುವುದಿಲ್ಲ ಎಂಬ ಹುಚ್ಚು ನಂಬಿಕೆ ನಮ್ಮಲ್ಲಿದೆ. ಗಂಡು ಹುಡುಗನಿಗೆ ಎರಡಿದ್ದರೆ ನಕ್ಕು ಬಿಡುತ್ತಾರೆ. ಅಕ್ಕೋರ ಮದುವೆ ಗೊತ್ತಾಗಿತ್ತಂತೆ. ವರನ ಸೋದರತ್ತೆ ಪ್ರೀತಿಯಿಂದ ಹೂ ಮುಡಿಸಲು ಬಂದವಳು ಜಡೆ ಬಿಚ್ಚಿ ನೋಡಿ ತಣ್ಣಗಾದಳು. ವಾರದೊಳಗೆ ಬೇಡವೆಂದು ಹೇಳಿ ಕಳಿಸಿದರು.

"ಮದಿವಿ ತಪ್ಪಿದ್ದಕ್ಕ ನನಗ ಏನೂ ಇಲ್ಲ ಸರ್," ಎಂದರು ಕಿಟಕಿಯ ಕಡೆ ನೋಡುತ್ತಲೇ. "ನಮ್ಮವ್ವ ಸಾಯೂತನಕ ನನ್ನ ತಲಿ ನೋಡಿ ನೋಡಿ ಅತ್ಲು. ಅದು ಇನ್ನೂ ಹೊಟ್ಟ್ಯಾಗ ಅದ."

ಮದುವೆ ಬೇಡವೆಂದು ಹೇಳಿ ಕಳಿಸಿದ ಮರುದಿನವೇ ಅವರು ಮಾಡಿದ ಕೆಲಸ ಕೇಳಿ. ವಿಜಾಪುರ ರಸ್ತೆಯ ಒಂದು ಗಂಡಸರ ಕಟಿಂಗ್ ಸಲೂನಿಗೆ ಹೋಗಿ ಬೆಂಚಿನ ಮೇಲೆ ಕೂತರು. ಇಲ್ಲಿ ಹೆಂಗಸರಿಗೆ ಮಾಡುವುದಿಲ್ಲ ಎಂದ ಅಂಗಡಿಯವನು. ಮಾಡುವವರೆಗೆ ಕೂತಿರುತ್ತೇನೆ ಎಂದರು ಇವರು. ಅವತ್ತಿನ ಪೇಪರು ಓದಿದರು, ಹಿಂದಿನ ದಿನದ್ದನ್ನೂ ಓದಿದರು. ಮಧ್ಯಾಹ್ನ ಗಿರಾಕಿಗಳೆಲ್ಲ ಖಾಲಿಯಾದ ಮೇಲೆ ಅವನು ಸೋತು ಕುರ್ಚಿ ಒರೆಸಿದ. ಹೇಗೆ ಕತ್ತರಿಸಲಿ ಎಂದಾಗ ಇವರು ಹೇಳಿದ್ದು: "ಎರಡೂ ಕಾಣಬೇಕು, ಹಂಗ ಕತ್ರಿಸ್ರಿ." ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಅದೇ ಸಲೂನು, ಅದೇ ಕುರ್ಚಿ. ಸಾಹೇಬರು ತಪಾಸಣೆಗೆ ಬರುತ್ತಾರೆ, ಅವತ್ತೊಂದು ದಿನ ತಲೆಯ ಮೇಲೆ ಸೆರಗು ಹಾಕಿಕೊಳ್ಳಿ ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ಅಕ್ಕೋರು ಅವತ್ತೇ ಹೊಸದಾಗಿ ಕತ್ತರಿಸಿಕೊಂಡು ಬಂದಿದ್ದರು.

ಇನ್ನು ನನ್ನ ಪರಾಕ್ರಮ. ನಮ್ಮ ವಿಜ್ಞಾನದ ಪುಸ್ತಕ ಮರಾಠಿಯಿಂದ ಕನ್ನಡಕ್ಕೆ ಬಂದದ್ದು. ಕೋಟ್ಯಂತರ ನಕ್ಷತ್ರಗಳು ಒಟ್ಟಾಗಿ ತಿರುಗುವ ಗೆಲಾಕ್ಸಿಗೆ ಮರಾಠಿಯಲ್ಲಿ ದೀರ್ಘಿಕಾ ಅನ್ನುತ್ತಾರೆ. ಕನ್ನಡ ಮಾಡಿದವರು ಅದಕ್ಕೊಂದು ಎತ್ವ ಹಚ್ಚಿ ದೀರ್ಘಿಕೆ ಎಂದು, ಸುರುಳಿಯಾದದ್ದಕ್ಕೆ ಮರಾಠಿಯ ಸರ್ಪಿಲವನ್ನೇ ಉಳಿಸಿ ಕೈ ತೊಳೆದುಕೊಂಡಿದ್ದರು. ಅದೇ ತಿಂಗಳು ನಾನು ಮಕ್ಕಳಿಗೆ ಹಳಗನ್ನಡದ ಒಂದು ಪದ್ಯ ಪಾಠ ಮಾಡುತ್ತ, ದೀರ್ಘಿಕೆಯೆಂದರೆ ಅರಮನೆಯ ತೋಟದ ಉದ್ದನೆಯ ಕೊಳ ಎಂದು ಗಂಟಲು ಹರಿಯುವಂತೆ ಹೇಳಿದ್ದೆ. ಘಟಕ ಪರೀಕ್ಷೆಯಲ್ಲಿ ಅಕ್ಕೋರು ಕೇಳಿದ ಪ್ರಶ್ನೆ: ಸರ್ಪಿಲ ದೀರ್ಘಿಕೆ ಎಂದರೇನು? ಹನ್ನೊಂದು ಮಕ್ಕಳು ಬರೆದ ಉತ್ತರ: ಹಾವುಗಳಿರುವ ಉದ್ದನೆಯ ಕೊಳ, ನಮ್ಮ ಸೂರ್ಯನು ಇದರ ಒಂದು ಮೂಲೆಯಲ್ಲಿ ಇದ್ದಾನೆ.

ಅಕ್ಕೋರು ಆ ಪೇಪರಿನ ಗಂಟನ್ನು ತಂದು ನನ್ನ ಮೇಜಿನ ಮೇಲೆ ಇಟ್ಟರು. "ಸರ್, ನಿಮ್ಮ ಕೊಳದಾಗ ನನ್ನ ಸೂರ್ಯ ಬಿದ್ದಾನ. ತಗದ ಕೊಡ್ರಿ."

ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ನನಗೆ ಅವಮಾನವಾಯಿತು, ಸುಳ್ಳು ಯಾಕೆ ಹೇಳಲಿ. ಅವರು ಮಾತ್ರ ನಗಲಿಲ್ಲ. ಹನ್ನೊಂದು ಮಕ್ಕಳಿಗೂ ಅರ್ಧರ್ಧ ಅಂಕ ಕೊಟ್ಟಿದ್ದರು. ಯಾಕೆಂದು ಕೇಳಿದರೆ, ಸೂರ್ಯ ಮೂಲೆಯಲ್ಲಿ ಇದ್ದಾನೆ ಎಂದು ಬರೆದಿದ್ದಾರಲ್ಲ, ಅದಂತೂ ಖರೆ ಎಂದರು.

ಆ ದಿನದಿಂದ ಅವರಿಗೆ ಹಟ ಹಿಡಿಯಿತು. ಮಕ್ಕಳಿಗೆ ಮೊದಲು ಆ ವಸ್ತುವನ್ನು ತೋರಿಸಬೇಕು, ಆಮೇಲೆ ಮಕ್ಕಳ ಬಾಯಿಂದಲೇ ಅದಕ್ಕೊಂದು ಹೆಸರು ಬರಬೇಕು. ತೋರಿಸುವುದು ಅವರಿಗೆ ಕಷ್ಟವಿರಲಿಲ್ಲ. ದೊಡ್ಡ ದೊಡ್ಡ ದೂರದರ್ಶಕಗಳು ತೆಗೆದ ಫೋಟೋ ವಿಜ್ಞಾನಿಗಳಿಗೆ ನೋಡಿ ಮುಗಿಯದಷ್ಟು ಇರುತ್ತವಂತೆ. ಅದಕ್ಕೆ ಸಾಮಾನ್ಯ ಜನರಿಗೇ ನೋಡಿ ಹೇಳಿ ಅನ್ನುತ್ತಾರೆ: ಇದು ನುಣ್ಣಗಿದೆಯೋ, ಸುರುಳಿಯಿದೆಯೋ, ಸುರುಳಿಯಿದ್ದರೆ ಬಲಕ್ಕೋ ಎಡಕ್ಕೋ? ಅಕ್ಕೋರು ಬಸ್ಸು ಸೊಲ್ಲಾಪುರ ಬಿಟ್ಟಿತೆಂದರೆ ಫೋನು ತೆಗೆದು ಇದನ್ನೇ ಮಾಡುತ್ತಿದ್ದರು. ಅಕ್ಕಲಕೋಟದ ಆಚೆ ನೆಟ್‌ವರ್ಕ್ ಹೋದಾಗ ಫೋನು ಚೀಲಕ್ಕೆ. ಕಂಡಕ್ಟರ್ ಇದು ಯಾವುದೋ ಗೇಮು ಎಂದುಕೊಂಡು ಯಾವ ಲೆವಲ್ಲಿಗೆ ಬಂದಿರಿ ಎಂದು ಕೇಳಿದ್ದಕ್ಕೆ, ಮೂವತ್ತು ಕೋಟಿ ವರ್ಷ ಹಿಂದೆ ಇದ್ದೇನೆ, ಚಿಲ್ಲರೆ ಆಮೇಲೆ ಕೊಡಿ ಎಂದಿದ್ದರು. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರಲು ಅಷ್ಟು ವರ್ಷ ಬೇಕಂತೆ.

ಒಂದು ಫೋಟೋ ಮಾತ್ರ ಅವರನ್ನು ಹಿಡಿದುಕೊಂಡಿತು. ಅದನ್ನು ದೊಡ್ಡದಾಗಿ ಪ್ರಿಂಟ್ ಹೊಡೆಸಿ ಕರಿಹಲಗೆಯ ಪಕ್ಕದ ಮೊಳೆಗೆ ತೂಗುಹಾಕಿದರು. ಗೆಲಾಕ್ಸಿಗಳ ದೊಡ್ಡ ಹಿಂಡು ಅದು. ಹುರಿಗಡಲೆ ಚೆಲ್ಲಿದ ಹಾಗೆ ಹಳದಿ ಹಳದಿ ನುಣ್ಣನೆಯ ಗುಂಡುಗಳು. ಆ ಹಿಂಡಿನ ಅಂಚಿಗೆ ನೀಲಿ ಬಣ್ಣದ್ದು ಒಂದೇ ಒಂದು, ನಡುವಿನಿಂದ ಎರಡು ತೋಳು ಬಿಚ್ಚಿ ತಿರುಗುತ್ತಿರುವುದು. ಅದರ ಬೆನ್ನ ಹಿಂದೆ ಸಣ್ಣಗೆ ಹೊಗೆ ಎಳೆದಂತಿತ್ತು. ಅದಕ್ಕೊಂದು ಹೆಸರಿಲ್ಲ, ಬರೀ ನಂಬರು.

ನನ್ನ ತರಗತಿಗೂ ಅವರದಕ್ಕೂ ನಡುವೆ ಒಂದು ತಗಡಿನ ಗೋಡೆ. ಆಚೆಯ ಮಾತೆಲ್ಲ ಈಚೆಗೆ ಕೇಳುತ್ತದೆ. ಅವತ್ತು ಅವರು ಎಂದಿನಂತೆ, ಮೊದಲು ನೋಡಿ ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿಗೆ ತಡವಳದ ಒಂದು ಹುಡುಗಿಯ ದನಿ ಬಂತು. ಒಕ್ಕಲುತನದ ಮನೆಯವಳು, ನನ್ನ ಪಾಠದಲ್ಲಿ ಎಂದೂ ಬಾಯಿ ಬಿಟ್ಟವಳಲ್ಲ.

"ಅಕ್ಕೋರ, ಇದು ಸುಳಿ ಐತ್ರಿ. ನಮ್ಮ ಎತ್ತಿನ ಹಣಿ ಮ್ಯಾಲೂ ಹಿಂಗ ಐತಿ. ಇದು ಚಿಕ್ಕಿಗೋಳ ಸುಳಿ."

ನಕ್ಷತ್ರಕ್ಕೆ ನಾವು ಚಿಕ್ಕಿ ಅನ್ನುವುದು. ಮಕ್ಕಳು ನಕ್ಕರು. ನಗು ಅರ್ಧಕ್ಕೇ ನಿಂತಿತು. ಎಲ್ಲರಿಗೂ ಅಕ್ಕೋರ ತಲೆ ನೆನಪಾಗಿರಬೇಕು. ಊರಲ್ಲಿ ಆ ಮಾತು ಗೊತ್ತಿಲ್ಲದವರು ಯಾರಿದ್ದರು? ನಾನು ಈಚೆಗೆ ಪದ್ಯ ನಿಲ್ಲಿಸಿ ಕಿವಿಗೊಟ್ಟೆ. ಆಮೇಲೆ ಅಕ್ಕೋರು ಎಂದಿನ ದನಿಯಲ್ಲೇ ಕೇಳಿದರು, ಬಲಸುಳಿಯೋ ಎಡಸುಳಿಯೋ. ಹುಡುಗಿ ಎಡಸುಳಿ ಎಂದಳು. "ಬರ್ಕೋರಿ," ಎಂದರು ಅಕ್ಕೋರು. "ಚಿಕ್ಕಿಸುಳಿ." ಸೀಮೆಸುಣ್ಣ ಹಲಗೆಯ ಮೇಲೆ ಕಿರ್ರೆಂದದ್ದು ನನಗೂ ಕೇಳಿತು.

ಅವತ್ತು ಸಂಜೆ ಬಸ್ಸಿನಲ್ಲಿ ಅವರು ಹಿಂದಕ್ಕೆ ತಿರುಗಿ ಕೂತರು. ಅಷ್ಟು ವರ್ಷಗಳಲ್ಲಿ ಅದು ಅಪರೂಪ.

"ಸರ್, ಸುಳಿ ಅಚ್ಚ ಕನ್ನಡ ಹೌದಲ್ಲ?"

ಹೌದು ಎಂದೆ. ನೀರಿನದೂ ಸುಳಿ, ಗಾಳಿಯದೂ ಸುಳಿ, ಜೋಳದ ಗಿಡದ ನಡುವಿನ ಎಳೆ ಚಿಗುರೂ ಸುಳಿ. ಇಷ್ಟಕ್ಕೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಪಾಂಡಿತ್ಯ ಬಿಡಬೇಕಲ್ಲ. ಆದರೆ ಅದು ಅಪಶಕುನದ ಶಬ್ದವೂ ಹೌದು, ಪುಸ್ತಕಕ್ಕೆ ಒಗ್ಗುವುದಿಲ್ಲ, ಮೇಲಾಗಿ ಚಿಕ್ಕಿ ಅಂದರೆ ಕಚೇರಿಯವರು ಶೇಂಗಾ ಚಿಕ್ಕಿ ಎಂದು ತಿಳಿದಾರು ಎಂದು ಚೇಷ್ಟೆ ಮಾಡಿದೆ.

ಅವರು ನನ್ನನ್ನು ನೋಡಿದರು. "ಅಪಶಕುನ ಅಂತಾರಲ್ಲ, ಅದಕ್ಕ ಬೇಕ್ರಿ ಆ ಶಬ್ದ. ನಾಳಿ ಇನ್ನೊಂದು ಹುಡಿಗಿ ತಲ್ಯಾಗ ಎರಡು ಸುಳಿ ಕಂಡ್ರ ಜನಕ ಮೊದಲ ಇದು ನೆನಪಾಗಬೇಕು. ಸಾಲ್ಯಾಗ ಕಲತದ್ದು. ಪುಸ್ತಕದಾಗ ಬರಬೇಕು. ಬರೂತನಕ ನಾ ಬಿಡಾಂಗಿಲ್ಲ."

ಬಿಡಲೂ ಇಲ್ಲ. ಪುಸ್ತಕ ಮಾಡುವ ಕಚೇರಿಗೆ ಪತ್ರ ಬರೆದರು. ಕನ್ನಡ ತಿದ್ದುವ ಕೆಲಸ ನನಗೆ. ಉತ್ತರ ಬರಲಿಲ್ಲ. ಎರಡನೆಯದು, ಮೂರನೆಯದು. ಪ್ರತಿ ಪತ್ರದಲ್ಲೂ ಆ ಹನ್ನೊಂದು ಮಕ್ಕಳ ಕೊಳ ಮತ್ತು ಹಾವಿನ ಕಥೆ ಇರಲೇಬೇಕು. ಅದು ನನಗೆ ಶಿಕ್ಷೆ ಎಂದು ಅವರಿಗೆ ಗೊತ್ತಿತ್ತು. ಕಡೆಗೊಮ್ಮೆ, ಸೂಚನೆ ತಲುಪಿದೆ ಎಂಬ ಒಂದು ಸಾಲು ಬಂತು. ಅದನ್ನು ಅವರು ನಾಲ್ಕು ಸಲ ಓದಿ, ತಲುಪಿದೆ ಅಂದರೆ ಓದಿದ್ದಾರೆ ಅಂತಲ್ಲ ಎಂದು ಮರುದಿನವೇ ಇನ್ನೊಂದು ಕಳಿಸಿದರು.

ಆ ವರ್ಷ ಅಕ್ಕಲಕೋಟದಲ್ಲಿ ತಾಲೂಕಿನ ವಿಜ್ಞಾನ ಪ್ರದರ್ಶನ. ನಮ್ಮ ಮಕ್ಕಳು ಅಲ್ಲಿ ಮರಾಠಿಯಲ್ಲಿ ತಡವರಿಸಿ ಬರಿಗೈಲಿ ಬರುವುದು ರೂಢಿ. ಅಕ್ಕೋರು ತಡವಳದ ಅದೇ ಹುಡುಗಿಯನ್ನು ಫೋಟೋದ ಮುಂದೆ ನಿಲ್ಲಿಸಿ, ಕನ್ನಡದಲ್ಲೇ ಹೇಳು ಎಂದರು. ಮರಾಠಿ ಮಾಡುವುದು ನನ್ನ ಪಾಲಿಗೆ. ಅಂದು ಅಕ್ಕೋರಿಗೆ ಗಂಟಲು ಕಟ್ಟಿ ದನಿಯೇ ಹೊರಡುತ್ತಿರಲಿಲ್ಲ. ಹುಡುಗಿ ಚೆನ್ನಾಗಿ ಹೇಳಿದಳು. ನಾನೂ ಮರಾಠಿ ಮಾಡಿದೆ, ಸುಳಿ ಅಂದರೆ ಭೋವರಾ ಎಂದೆ. ಮರಾಠಿಯಲ್ಲೂ ತಲೆಯ ಸುಳಿಗೆ ಅದೇ ಶಬ್ದ. ಪರೀಕ್ಷಕರು ಅಕ್ಕೋರ ತಲೆಯ ಕಡೆ ಕಣ್ಸನ್ನೆ ಮಾಡಿ, ಆಕಾಶಕ್ಕೂ ಎರಡೆರಡು ಮದುವೆಯೇನು ಎಂದು ಮರಾಠಿಯಲ್ಲಿ ನಕ್ಕರು. ಸುತ್ತಲಿದ್ದವರೂ ನಕ್ಕರು. ಹುಡುಗಿ ನನ್ನ ಮುಖ ನೋಡಿದಳು. ಅಕ್ಕೋರೂ ನೋಡಿದರು. ಅವರಿಗೆ ದನಿ ಇರಲಿಲ್ಲ, ನನಗಿತ್ತು. ನಾನು ಹಲ್ಲು ಕಿರಿದು ಸುಮ್ಮನೆ ನಿಂತೆ. ಆ ಹೊತ್ತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆ.

ವಾಪಸು ಬರುವಾಗ ಅವರು ಬೈಯಲಿಲ್ಲ. ಪಿಸುದನಿಯಲ್ಲಿ, "ಇರ್ಲಿ ಸರ್. ನಿಮ್ಮ ಪಾಳಿ ಇನ್ನೊಮ್ಮೆ ಬರ್ತದ," ಎಂದರು. ಬೈದಿದ್ದರೆ ಹಗುರಾಗುತ್ತಿದ್ದೆ. ಮಾತು ಬದಲಿಸಲೆಂದು ಫೋಟೋದಲ್ಲಿ ಆ ಸುಳಿಯ ಹಿಂದೆ ಎಳೆದಿರುವ ಹೊಗೆ ಏನೆಂದು ಕೇಳಿದೆ. ಹಿಂಡಿನ ನಡುವೆ ತುಂಬಿರುವ ಕಾದ ಅನಿಲಕ್ಕೆ ಎದುರಾಗಿ ಅದು ಓಡುತ್ತಿದೆ, ಎದುರುಗಾಳಿಗೆ ಸೆರಗು ಹಿಂದಕ್ಕೆ ಹಾರಿದ ಹಾಗೆ ಅದರ ಮೈಯಲ್ಲಿನ ಅನಿಲವೆಲ್ಲ ಹಿಂದಕ್ಕೆ ಜಾರುತ್ತಿದೆ, ಹೊಸ ಚಿಕ್ಕಿ ಹುಟ್ಟಲು ಬೇಕಾದದ್ದೇ ಆ ಅನಿಲ, ಹಿಂಡಿಗೆ ಬಂದು ಬಿದ್ದ ಸುಳಿಗಳೆಲ್ಲ ಹೆಚ್ಚಾಗಿ ಹೀಗೇ ಸೊರಗಿ ಕೊನೆಗೆ ಉಳಿದವುಗಳಂತೆ ನುಣ್ಣಗಾಗುತ್ತವೆ ಎಂದು ಕಷ್ಟಪಟ್ಟು ಹೇಳಿದರು.

"ಹಂಗಾರ ಇದರ ಗತಿ?" ಎಂದೆ.

"ಈಗಿನ್ನೂ ತಿರಗಾಕತ್ತದ, ನೋಡ್ರಿ."

ಪುಸ್ತಕದ ಹೊಸ ಮುದ್ರಣ ಬಂದ ದಿನ ಗಂಟು ಬಿಚ್ಚಿ ಮೊದಲ ಪ್ರತಿ ತೆಗೆದವರು ಅವರೇ. ಪುಟ ತಿರುವಿದರು. ದೀರ್ಘಿಕೆ ಇದ್ದಲ್ಲೇ ಇತ್ತು. ಸಂಕಟವಾಗಲಿಲ್ಲ ಎಂದರೆ ನಾನು ನಂಬುವುದಿಲ್ಲ, ಅವರ ಬೆರಳು ಆ ಸಾಲಿನ ಮೇಲೆ ಬಹಳ ಹೊತ್ತು ಇತ್ತು. ಪುಸ್ತಕ ಮುಚ್ಚಿ, "ಮುಂದಿನ ಸಲ," ಎಂದು ಗಂಟೆ ಹೊಡೆಯುವ ಮೊದಲೇ ತರಗತಿಗೆ ನಡೆದರು. ಮುಂದಿನ ಮುದ್ರಣಕ್ಕೆ ಮೊದಲೇ ಅವರ ನಿವೃತ್ತಿಯಾಯಿತು. ಬೀಳ್ಕೊಡುಗೆಯ ದಿನ ಎಲ್ಲರೂ ಶಾಲು ಹೊದಿಸುತ್ತಿದ್ದರೆ ಅವರು ನನ್ನ ಕೈಗೆ ಒಂದು ಪತ್ರ ಕೊಟ್ಟು, ಇದರಲ್ಲಿ ಒತ್ತಕ್ಷರ ನೋಡಿ ಎಂದರು. ಅದೇ ಕಚೇರಿಗೆ, ಅದೇ ಕೊಳ, ಅದೇ ಹಾವು. ನಿವೃತ್ತಿಯಾದ ಮೇಲೂ ಫೋಟೋ ನೋಡುವುದು ನಿಲ್ಲಿಸಲಿಲ್ಲ. ಆಗಾಗ ನನ್ನ ಫೋನಿಗೆ ಒಂದು ಕಳಿಸಿ, ಎಡವೋ ಬಲವೋ ಎಂದು ಕೇಳುತ್ತಿದ್ದರು. ನಾನು ಎಷ್ಟೋ ಸಲ ಉತ್ತರಿಸುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಒರಗಿದವರು ಏಳಲಿಲ್ಲ. ನಾನು ಹೋದಾಗ ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಸಂಬಂಧಿಕರ ಪೈಕಿ ಯಾರೋ ಹಿರಿಯಳು, ನೋಡಿದವರು ಏನಂದಾರು ಎಂದು ಗೊಣಗುತ್ತ ಸೆರಗು ಎಳೆದು ಅವರ ತಲೆ ಮುಚ್ಚಿದಳು. ಮುಚ್ಚಬೇಡಿರವ್ವಾ, ಅವರು ಅದನ್ನು ಮೂವತ್ತು ವರ್ಷ ತೆರೆದಿಟ್ಟವರು ಎಂದು ಹೇಳಹೊರಟೆ. ಪರರ ಮನೆ, ಸಾವಿನ ಮನೆ, ನಾನ್ಯಾರು ಎಂದು ನುಂಗಿಕೊಂಡೆ. ಪಾಳಿ ಇನ್ನೊಮ್ಮೆ ಬಂದಿತ್ತು, ಇನ್ನೊಮ್ಮೆ ತಪ್ಪಿಸಿಕೊಂಡೆ. ಮನೆಗೆ ಬಂದು ಚೆನ್ನಾಗಿ ಅತ್ತೆ.

ಕಳೆದ ತಿಂಗಳು ಹನ್ನೂರಿನಲ್ಲಿ ನಮ್ಮ ಮನೆದೇವರ ಮುಂದೆ ಮೊಮ್ಮಗಳ ಜಾವಳ ತೆಗೆಸಿದೆವು. ಹುಟ್ಟುಗೂದಲು ತೆಗೆಸುವ ಶಾಸ್ತ್ರ. ಸೋದರಮಾವನ ತೊಡೆಯ ಮೇಲೆ ಕೂಸು ಕೂತು ಊರು ಒಂದಾಗುವಂತೆ ಅಳುತ್ತಿತ್ತು. ಕ್ಷೌರ ಮಾಡುವವನು ನೆತ್ತಿಯ ಕೂದಲು ತೆಗೆದು ಒಮ್ಮೆ ಕೈ ನಿಲ್ಲಿಸಿದ, ಮತ್ತೆ ತಲೆ ತಗ್ಗಿಸಿ ಕೆಲಸ ಮುಗಿಸಿದ. ನನ್ನ ಹೆಂಡತಿಯ ಅಕ್ಕ ಹತ್ತಿರ ಬಂದು ಬಗ್ಗಿ ನೋಡಿದರು.

"ಎರಡು ಸುಳಿ ಅದಾವಲ್ಲವ್ವಾ," ಎಂದರು, ಹೆಣ್ಣುಕೂಸು ಎಂಬುದನ್ನು ಮುಖದಲ್ಲೇ ಹೇಳಿ.

ಸೊಸೆಯ ಮುಖ ಬಿಳಿಚಿಕೊಂಡಿತು. ಗಂಧದ ಬಟ್ಟಲು ಹಿಡಿದು ಬರುತ್ತಿದ್ದ ನನ್ನ ಹೆಂಡತಿ ಅಲ್ಲೇ ನಿಂತಳು. ಇನ್ನು ಮನೆಗೆ ಹೋಗಿ ಶಾಂತಿ, ಹರಕೆ, ಯಾರ ಮುಂದೂ ಹೇಳಬೇಡಿ ಎಂಬ ಪಿಸುಮಾತು, ಆಮೇಲೆ ಜೀವಮಾನವೆಲ್ಲ ಆ ಕೂಸಿಗೆ ಬಿಗಿಯಾದ ಜಡೆ. ನನಗೆಲ್ಲ ಕಂಡುಬಿಟ್ಟಿತು. ಅಕ್ಕೋರ ತಾಯಿ ಅತ್ತದ್ದೂ ಕಂಡಿತು.

ನಡುವೆ ಹೋಗಿ ನಿಂತೆ. ಯಾರೂ ಒಂದು ಮಾತೂ ಆಡಬಾರದು ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ಫೋನಿನಲ್ಲಿ ಅಕ್ಕೋರು ಎಂದೋ ಕಳಿಸಿದ್ದ ಆ ಹಿಂಡಿನ ಫೋಟೋ ಹುಡುಕಿ, ನೀಲಿ ಸುಳಿಯನ್ನು ದೊಡ್ಡದು ಮಾಡಿ ಹೆಂಡತಿಯ ಮುಂದೆ ಹಿಡಿದೆ.

"ಏನ್ರೀ ಇದು, ಈ ಹೊತ್ತಿನ್ಯಾಗ?"

"ಮೊದಲ ನೋಡು," ಎಂದೆ. "ಹೆಸರ ಆಮ್ಯಾಲ."

ಆಕೆ ನೋಡಿದಳು. ನನ್ನ ಮೇಲಿನ ಸಿಟ್ಟಿಗೆ ಮೊದಲು ಸುಮ್ಮನೆ ನೋಡಿದಳು, ಆಮೇಲೆ ಕಣ್ಣು ಕಿರಿದು ಮಾಡಿ ನೋಡಿದಳು. ಫೋನಿನಿಂದ ಕೂಸಿನ ತಲೆಗೆ, ತಲೆಯಿಂದ ಫೋನಿಗೆ. ಬಟ್ಟಲು ಕೆಳಗಿಟ್ಟು ಕೂಸಿನ ನುಣ್ಣನೆಯ ನೆತ್ತಿಯ ಮೇಲೆ ಬೆರಳಾಡಿಸಿದಳು.

"ಇದು ಎಡಕ ತಿರಗೇದ," ಎಂದಳು ಫೋಟೋ ತೋರಿಸಿ. "ನಮ್ಮ ಕೂಸಿಂದು ಒಂದು ಬಲಕ, ಒಂದು ಎಡಕ."

ಹೌದೆಂದು ಗೋಣು ಹಾಕಿದೆ.

"ಏನಂತಿದ್ರು ನಿಮ್ಮ ಅಕ್ಕೋರು ಇದಕ?"

ಹೇಳಿದೆ. ಆಕೆ ಗಂಧದಲ್ಲಿ ಬೆರಳು ಅದ್ದಿ ಆ ಎರಡೂ ಸುಳಿಯ ಮೇಲೆ ನಡುವಿನಿಂದ ಹೊರಕ್ಕೆ, ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ, ತಪ್ಪದೆ ಎಳೆದಳು. ಆಮೇಲೆ ಕೂಸನ್ನು ಎತ್ತಿಕೊಂಡು ತನ್ನ ಅಕ್ಕನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಚಿಕ್ಕಿಸುಳಿ ಅಂತಾರ ಇದಕ, ಅಕ್ಕಾ. ನಮ್ಮ ಕೂಸಿಗೆ ಎರಡ ಅದಾವ."